ಕಡಲು ಮೂಡು ದಿಕ್ಕಿಗಿದ್ದ ಊರಿನಲ್ಲಿ

ಇತ್ತೀಚಿನವರೆಗೂ ನನಗೆ ಒಂದು ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತಿತ್ತು. ಅದು ಕೆಟ್ಟ ಪ್ರಶ್ನೆಯೇನಲ್ಲ. ಕೋಟೇಶ್ವರದ ಪೇಟೆಯಲ್ಲಿ ತರಕಾರಿ ಆರಿಸುತ್ತಿರುವಾಗ, ಬಸ್ಸಿಗೆ ಕಾಯುತ್ತಿರುವಾಗ, ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿರುವಾಗ ಯಾರಾದರೊಬ್ಬರು ಪ್ರೀತಿಯಿಂದಲೇ ಕೇಳುತ್ತಿದ್ದರು, "ಟೂರ್ ಹ್ಯಾಂಗಾಯ್ತ್ ಟೀಚರ್ರೆ?" "ಲಾಯ್ಕ್ ಆಯ್ತ್" ಎಂದು ನಾನು ಹೇಳಬೇಕು, "ಒಳ್ಳೇದಾಯ್ತ್" ಎಂದು ಅವರು ಹೇಳಬೇಕು, ಆಮೇಲೆ ಇಬ್ಬರೂ ನಮ್ಮ ನಮ್ಮ ದಾರಿ ಹಿಡಿಯಬೇಕು. ಆದರೆ ಅವರು ಅಷ್ಟಕ್ಕೆ ನಿಲ್ಲುತ್ತಿರಲಿಲ್ಲ. "ಅಲ್ಲಿ ಹಾವ್ ತಿಂತ್ರ್ ಅಂಬ್ರಲೆ, ಹೌದಾ?" ಎಂಬುದು ಎರಡನೆಯ ಪ್ರಶ್ನೆ. ಅದನ್ನೂ ಸಹಿಸಬಹುದಿತ್ತು. ಮೂರನೆಯದನ್ನು ಕೇಳುವಾಗ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸುತ್ತಿದ್ದರು. "ಅಲ್ಲ, ಆ ಗಂಗೊಳ್ಳಿ ಶೀನ ತಾಂಡೇಲ್ರ್ ಕುಡ್ಕಂಡ್ ಕಡಲಿಗ್ ಬಿದ್ದದ್ದ್ ಅಂಬ್ರಲೆ?"

ಆಗ ನನ್ನ ಕೈಯಲ್ಲಿದ್ದ ಬದನೆಕಾಯಿ ತಕ್ಕಡಿಯನ್ನು ಬಿಟ್ಟು ಅವರ ತಲೆಯ ಕಡೆಗೆ ಹೊರಡುವಂತಾಗುತ್ತಿತ್ತು.

ಶೀನಣ್ಣ ಕುಡಿದಿರಲಿಲ್ಲ. ಆ ದಿನ ಬೆಳಿಗ್ಗೆ ಅವರು ಕುಡಿದದ್ದು ಹೋಟೆಲಿನವರು ಕೊಟ್ಟ ಒಂದು ಲೋಟ ಕಪ್ಪು ಚಹಾ ಮಾತ್ರ. ಅದಕ್ಕೆ ಹಾಲಿಲ್ಲ ಎಂದು ಅವರು ಗೊಣಗಿದ್ದಕ್ಕೂ ನಾನೇ ಸಾಕ್ಷಿ. ಆಮೇಲೆ ಕಡಲಿನಲ್ಲಿ ನಡೆದದ್ದಕ್ಕೂ ನಾನೇ ಸಾಕ್ಷಿ. ಸುಮಾರು ನಾಲ್ಕು ನಿಮಿಷದ ಆ ಘಟನೆ ಬೇರೆಯವರ ಪಾಲಿಗೆ ಮುಗಿದುಹೋಗಿದೆ, ನನಗೆ ಮುಗಿದಿಲ್ಲ. ಅಕ್ಕಿ ತೊಳೆಯುವಾಗ ಪಾತ್ರೆಯ ನೀರು ಅಂಚಿನಿಂದ ಹಿಂದೆ ಸರಿದರೆ ಸಾಕು, ಒಂದು ಬಿಳಿಯ ತಲೆ ನೀರಿನ ನಡುವೆ ಮೇಲೆದ್ದು ಮತ್ತೆ ಇಲ್ಲವಾಗುತ್ತದೆ. ಮೊನ್ನೆ ಒಂಬತ್ತನೆಯ ತರಗತಿಯಲ್ಲಿ ಭೂಪಟದ ಮೇಲೆ ಕೋಲಿಟ್ಟು ತೋರಿಸುತ್ತಿದ್ದವಳು ಏಷ್ಯಾದ ಮೂಡಣ ಅಂಚಿಗೆ ಬಂದು ನಿಂತುಬಿಟ್ಟೆ. ಮಕ್ಕಳು ಪರೀಕ್ಷೆಗೆ ಬರುವ ಜಾಗವಿರಬೇಕು ಎಂದುಕೊಂಡು ಅಡಿಗೆರೆ ಹಾಕಿಕೊಂಡರು.

ನಾನು ಇತಿಹಾಸದ ಟೀಚರು. ಭಾರತದಿಂದ ಕಡಲು ದಾಟಿ ಹೋದ ದೇವರುಗಳು, ಅಕ್ಷರಗಳು, ಕಟ್ಟಡ ಕಟ್ಟುವ ವಿದ್ಯೆ ಇವುಗಳ ಬಗ್ಗೆ ಇಪ್ಪತ್ತೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷ ಪಾಠ ಮಾಡಿ ನಾನು ದಾಟಿದ ಅತಿ ದೊಡ್ಡ ನೀರು ಪಂಚಗಂಗಾವಳಿ ಹೊಳೆ, ಅದೂ ಸೇತುವೆಯ ಮೇಲೆ ಬಸ್ಸಿನಲ್ಲಿ. ಹೀಗಾಗಿ ವಿಯೆಟ್ನಾಮಿಗೆ ಒಂದು ತಂಡ ಹೊರಡುತ್ತದೆ, ಅಲ್ಲಿ ಕಾಡಿನ ನಡುವೆ ಸಾವಿರ ವರ್ಷಕ್ಕಿಂತ ಹಳೆಯ ಶಿವಾಲಯಗಳಿವೆ ಎಂದು ಕೇಳಿದಾಗ ಹಿಂದೆ ಮುಂದೆ ನೋಡದೆ ಹೆಸರು ಕೊಟ್ಟೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಇಪ್ಪತ್ತೆರಡು ಜನ. ಅರ್ಧದಷ್ಟು ಜನರ ಪರಿಚಯವಿತ್ತು, ಉಳಿದರ್ಧ ಮೂರು ದಿನಗಳಲ್ಲಿ ಸಂಬಂಧಿಕರಾದರು. ಯಾರ ಮನೆಗೆ ಯಾರು ಸೊಸೆ ಎಂದು ಹುಡುಕಿಕೊಂಡು ಹೋದರೆ ನಮ್ಮ ಕಡೆ ಮೂರನೆಯ ಮನೆಯಲ್ಲಿ ನೆಂಟಸ್ತಿಕೆ ಸಿಕ್ಕಿಯೇ ಸಿಗುತ್ತದೆ.

ಶೀನಣ್ಣನನ್ನು ಕರೆದುಕೊಂಡು ಹೋದವಳೂ ಒಂದು ಲೆಕ್ಕದಲ್ಲಿ ನಾನೇ. ಅವರ ಹೆಂಡತಿ ಗಿರಿಜಕ್ಕ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತಾರೆ. ಹದಿನೈದು ವರ್ಷದಿಂದ ನಮ್ಮ ಮನೆಯ ಬಂಗುಡೆ, ಬೂತಾಯಿಗಳೆಲ್ಲ ಅವರ ಬುಟ್ಟಿಯಿಂದಲೇ ಬಂದವು. ಒಂದು ದಿನ ಮೀನು ಕಟ್ಟಿಸಿಕೊಳ್ಳುತ್ತಾ ಪ್ರವಾಸದ ಸುದ್ದಿ ಹೇಳಿದೆ. ಗಿರಿಜಕ್ಕ ಕತ್ತಿ ಕೆಳಗಿಟ್ಟು ಕೇಳಿದರು, "ಅಲ್ಲಿ ಕಡ್ಲ್ ಇತ್ತಾ?" "ಇತ್ತ್" ಎಂದೆ. "ನಾನೂ ಬತ್ತೆ. ಇವ್ರ್ ನಲ್ವತ್ತೈದ್ ವರ್ಷ ಕಡ್ಲ್ ಮೇಲ್ ತಿರ್ಗದ್ರ್, ಒಂದ್ ದಿನ ನನ್ನ ಕರ್ಕಂಡ್ ಹೋಯ್ಲಿಲ್ಲ. ಇನ್ ನಾ ಕರ್ಕಂಡ್ ಹೋತೆ."

ಶೀನಣ್ಣ ಅಂದರೆ ಗಂಗೊಳ್ಳಿಯ ದಕ್ಕೆಯಲ್ಲಿ, ಅಂದರೆ ದೋಣಿಗಳನ್ನು ಕಟ್ಟುವ ಕಟ್ಟೆಯಲ್ಲಿ, ದೊಡ್ಡ ಹೆಸರು. ದೋಣಿ ನಡೆಸುವ ಮುಖ್ಯಸ್ಥನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಅವರು ತಾಂಡೇಲರಾಗಿದ್ದ ದೋಣಿ ಒಮ್ಮೆಯೂ ಜನ ಕಳೆದುಕೊಂಡು ಬಂದದ್ದಿಲ್ಲ. ಈಗ ಕಡಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಆದರೆ ಸಂಜೆ ನಾಲ್ಕಕ್ಕೆ ದಕ್ಕೆಗೆ ಬಂದು ಬಲೆಯ ರಾಶಿಯ ಮೇಲೆ ಕೂರುತ್ತಿದ್ದರು. ಮೊಬೈಲಿನಲ್ಲಿ ಹವಾಮಾನ ನೋಡಿದವರು ಕೂಡ ಕೊನೆಗೆ ಅವರ ಹತ್ತಿರ ಬಂದು, "ಹ್ವಾಯ್ ಶೀನಣ್ಣ, ನಾಳೆ ಹೋಪುದಾ?" ಎಂದು ಕೇಳದೆ ದೋಣಿ ಬಿಡುತ್ತಿರಲಿಲ್ಲ. ಅವರಿಗೆ ಬೇರೆ ಅಧಿಕಾರ ಇರಲಿಲ್ಲ. ಆ ಪ್ರಶ್ನೆಯನ್ನು ಅವರಿಗೆ ಕೇಳುತ್ತಿದ್ದರು, ಅಷ್ಟೇ.

ದೇಶದ ವಿಷಯ ಹೇಳದೆ ಇದ್ದರೆ ಅನ್ಯಾಯವಾಗುತ್ತದೆ. ಚೆಂದದ ದೇಶ. ದಾ ನಾಂಗ್ ಎಂಬ ಊರಿನಲ್ಲಿ ಇಳಿದುಕೊಂಡಿದ್ದೆವು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಮೋಡ ಹೊದ್ದುಕೊಂಡ ಬೆಟ್ಟ, ನಡುವೆ ಗದ್ದೆ. ಗದ್ದೆಯ ಅಂಚಿನಲ್ಲಿ ತೆಂಗು. ಬ್ರಹ್ಮಾವರದ ಬಸ್ಸಿನಲ್ಲಿ ನಿದ್ದೆ ಹೋದವರನ್ನು ಅಲ್ಲಿ ಎಬ್ಬಿಸಿದರೆ ಸಾಲಿಗ್ರಾಮ ಬಂತೆಂದು ಇಳಿದುಬಿಡಬೇಕು, ಹಾಗಿತ್ತು. ಮಿ ಸೊನ್ ಎಂಬಲ್ಲಿ ಬೆಟ್ಟಗಳ ನಡುವಿನ ಬೋಗುಣಿಯಂಥ ಜಾಗದಲ್ಲಿ ಕೆಂಪು ಇಟ್ಟಿಗೆಯ ಗುಡಿಗಳು. ಪಾಚಿ ಹಿಡಿದಿವೆ, ಕೆಲವು ಯುದ್ಧದ ಕಾಲದ ಬಾಂಬಿಗೆ ಬಿದ್ದಿವೆ. ಬಾಂಬು ತೋಡಿದ ಗುಂಡಿಯ ಪಕ್ಕದಲ್ಲೇ ಒಂದು ಶಿವಲಿಂಗ, ಬಿಸಿಲು ಮಳೆಗೆ ಬೋಳು ಬೋಳಾಗಿ ನಿಂತಿತ್ತು. ಇಪ್ಪತ್ತೈದು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದು ಕಲ್ಲಾಗಿ ಎದುರಿಗಿತ್ತು. ಹಾಗೆಂದು ಏನಾದರೂ ಘನವಾದದ್ದನ್ನು ಹೇಳಬೇಕು ಎನ್ನುವಷ್ಟರಲ್ಲಿ ಗಿರಿಜಕ್ಕ, "ಇವ್ರಿಗ್ ಪೂಜಿ ಮಾಡುಕ್ ಯಾರೂ ಇಲ್ಯಾ?" ಎಂದು ಲಿಂಗದ ಪರವಾಗಿ ವಿಚಾರಿಸಿ, ಊರಿಂದ ತಂದು ಒಣಗಿದ್ದ ಅಬ್ಬಲಿಗೆ ಹೂಮಾಲೆಯ ತುಂಡನ್ನು ಚೀಲದಿಂದ ತೆಗೆದು ಅದರ ಬುಡದಲ್ಲಿಟ್ಟರು. ನನ್ನ ಘನವಾದ ಮಾತಿಗೆ ಜಾಗವಿಲ್ಲದಾಯಿತು.

ಅಲ್ಲಿಂದಲೇ ನನ್ನ ಸಿಟ್ಟು ಶುರುವಾದದ್ದು. ನಮ್ಮ ಟೂರ್ ಮ್ಯಾನೇಜರ್ ಆ ಗುಡಿಗಳಿಗೆ ಕೊಟ್ಟದ್ದು ನಲವತ್ತು ನಿಮಿಷ. ಅದೇ ದಿನ ಮಧ್ಯಾಹ್ನ ರೇಷ್ಮೆ ಬಟ್ಟೆಯ ಅಂಗಡಿಗೆ ಎರಡು ಗಂಟೆ. ಸಾವಿರ ವರ್ಷದ ಇತಿಹಾಸಕ್ಕಿಂತ ಸ್ಕಾರ್ಫುಗಳಿಗೆ ಮೂರು ಪಟ್ಟು ಗೌರವ. ನಾನು ಆಕ್ಷೇಪಿಸಿದರೆ ಮ್ಯಾನೇಜರ್, "ಮೇಡಂ, ಕಲ್ಲು ಎಲ್ಲಿಗೂ ಹೋಗುವುದಿಲ್ಲ" ಎಂದರು. ಕಲ್ಲು ಹೋಗುವುದಿಲ್ಲ ಸ್ವಾಮಿ, ಹೋಗುವವರು ನಾವು. ಆ ಮಾತು ಬಾಯಿಗೆ ಬಂದದ್ದು ಮಾತ್ರ ವಿಮಾನದಲ್ಲಿ, ವಾಪಸು ಬರುವಾಗ. ನನ್ನ ಒಳ್ಳೆಯ ಉತ್ತರಗಳೆಲ್ಲ ಹೀಗೆ ತಡವಾಗಿ ತಲುಪುತ್ತವೆ.

ಹೊಯ್ ಆನ್ ಎಂಬ ಹಳೆಯ ಬಂದರಿನಲ್ಲಿ ಬುಟ್ಟಿದೋಣಿ ಇದೆ. ನಮ್ಮ ತುಂಗಭದ್ರೆಯ ತೆಪ್ಪದ ತಮ್ಮ. ಅದರಲ್ಲಿ ಪ್ರವಾಸಿಗಳನ್ನು ಕೂರಿಸಿ, ದೊಡ್ಡ ಸದ್ದಿನ ಹಾಡು ಹಾಕಿ, ಗರಗರ ತಿರುಗಿಸುತ್ತಾರೆ. ಶೀನಣ್ಣ ಎರಡು ನಿಮಿಷ ಮುಖ ಸಿಂಡರಿಸಿಕೊಂಡು ಕೂತಿದ್ದು, ಆಮೇಲೆ ಹುಟ್ಟು ಹಿಡಿದಿದ್ದ ಹೆಂಗಸಿನ ಮುಂದೆ ಕೈ ಚಾಚಿದರು. ಆಕೆ ನಗುತ್ತಾ ಕೊಟ್ಟಳು. ಹಿಂದು ಮುಂದಿಲ್ಲದ ಆ ದುಂಡು ಬುಟ್ಟಿಯಲ್ಲಿ ಎದ್ದು ನಿಂತು, ಜೀವನದಲ್ಲಿ ಮೊದಲ ಬಾರಿ ಕಂಡ ದೋಣಿಯನ್ನು ಅವರು ನೆಟ್ಟಗೆ ಒಂದು ಗೆರೆಯಲ್ಲಿ ನಡೆಸಿದರು. ಆಕೆ ಚಪ್ಪಾಳೆ ತಟ್ಟಿದಳು. ಗಿರಿಜಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು, "ಕಾಣಿ, ಮದ್ಮಗನ್ ಹಾಂಗ್ ನಿಂತಿದ್ರ್" ಎಂದರು. ಆ ಚಪ್ಪಾಳೆಯನ್ನು ಯಾರೂ ವಿಡಿಯೊ ಮಾಡಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ದಿಕ್ಕಿನ ವಿಷಯ ಹೇಳಬೇಕು. ನಮ್ಮ ಕಡೆಯವರಿಗೆ ಎಡ ಬಲಗಳು ಅಷ್ಟಾಗಿ ಬೇಕಾಗುವುದಿಲ್ಲ. ಊಟದ ಪಂಕ್ತಿಯಲ್ಲೂ "ಒಂಚೂರ್ ಪಡುಬದಿಗ್ ಸರ್ಕಣಿ" ಎನ್ನುತ್ತೇವೆ. ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ. ಮನೆಗಳಿಗೆ, ಕೇರಿಗಳಿಗೆ, ಗದ್ದೆಗಳಿಗೆ ಅದೇ ಹೆಸರು. ಇದಕ್ಕೆಲ್ಲ ಆಧಾರ ಕಡಲು. ಬೈಂದೂರಿನಲ್ಲಾಗಲಿ ಕುಂದಾಪುರದಲ್ಲಾಗಲಿ ಕಡಲು ಇರುವುದು ಪಡುದಿಕ್ಕಿಗೆ, ಇರಬೇಕಾದದ್ದೂ ಅಲ್ಲಿಯೇ. ಸೂರ್ಯ ಗುಡ್ಡದ ಕಡೆ ಹುಟ್ಟಬೇಕು, ನೀರಿನಲ್ಲಿ ಮುಳುಗಬೇಕು. ದಾ ನಾಂಗಿನಲ್ಲಿ ಮೊದಲ ಬೆಳಿಗ್ಗೆ ಸೂರ್ಯ ಕಡಲಿನಿಂದ ಎದ್ದು ಬಂದಾಗ ಶೀನಣ್ಣ ಹೋಟೆಲಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಇಷ್ಟ್ ವರ್ಷ ಇವ್ನ ಕಡಲಂಗ್ ಮುಳ್ಗ್ಸಿ ಮನಿಗ್ ಹೋತಿದ್ದೆ. ಇಲ್ಲಿಂದ ಎದ್ದ್ ಬಪ್ಪುದಾ ಹಂಗಾರೆ" ಎಂದರು. ತಮ್ಮಲ್ಲಿ ಕಳವಾದ ಮಾಲನ್ನು ಇನ್ನೊಂದು ಪೇಟೆಯಲ್ಲಿ ಕಂಡವರ ಹಾಗಿತ್ತು ಆ ದನಿ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಬಸ್ಸು ಕಡಲ ದಂಡೆಯಲ್ಲಿ ನಿಂತಿತು. ಫೋಟೊಗೆಂದು ಹದಿನೈದು ನಿಮಿಷ. ಡಿಸೆಂಬರ್ ತಿಂಗಳು. ನಮ್ಮ ಊರಿನಲ್ಲಿ ಡಿಸೆಂಬರಿನ ಬೆಳಗಿನ ಕಡಲೆಂದರೆ ಎಣ್ಣೆ ಹೊಯ್ದ ಹಾಗೆ. ಇಲ್ಲಿ ಅಲೆಗಳಿದ್ದವು, ಆದರೆ ಒಂದಷ್ಟು ಅಲೆ ಬಂದ ಮೇಲೆ ಸುಮ್ಮನಾಗಿ, ಮತ್ತೆ ಒಂದಷ್ಟು ಬರುತ್ತಿದ್ದವು. ಮರಳಿನಲ್ಲಿ ಒಂದು ಕೆಂಪು ಬಾವುಟ. ನಾವು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಕಡಲ ಬದಿಯಲ್ಲಿ ಮಳೆಗಾಲಕ್ಕೆ ಹುಗಿದ ಕೆಂಪು ಬಾವುಟ ಮುಂದಿನ ಮಳೆಗಾಲದವರೆಗೆ ಅಲ್ಲೇ ಇರುತ್ತದೆ, ಬಣ್ಣ ಹೋಗಿ ಯಾರದೋ ಹಳೆ ಟವೆಲಿನಂತೆ ಕಾಣುತ್ತದೆ. ಬಾವುಟ ಸುಳ್ಳು ಹೇಳುತ್ತದೆ ಎಂದು ನಮಗೆ ವರ್ಷಗಟ್ಟಲೆ ಕಲಿಸಿದವರ ಮೇಲೆ ನನಗೆ ಈಗ ಕೋಪವಿದೆ. ದೂರದಿಂದ ಕಾವಲಿನವನೊಬ್ಬ ವಿಸಿಲ್ ಊದಿದ. ಮ್ಯಾನೇಜರ್, "ಅವರು ಊದ್ತಾನೇ ಇರ್ತಾರೆ, ನೀವು ಬೇಗ ಬೇಗ ಫೋಟೊ ಮುಗಿಸಿ" ಎಂದರು.

ಶೀನಣ್ಣ ಕಣ್ಣು ಕಿರಿದು ಮಾಡಿ ನಿಂತಿದ್ದರು. ಗಾಳಿ ಕಡಲಿನಿಂದ ನೇರವಾಗಿ ಅವರ ಮುಖಕ್ಕೆ ಬರುತ್ತಿತ್ತು. ಸೂರ್ಯನೂ ಎದುರಿಗೇ ಇದ್ದ.

"ಮೂಡ್ ಗಾಳಿ" ಎಂದರು. "ಮೂಡ್ ಗಾಳಿ ಬಂದ್ರೆ ಕಡ್ಲ್ ಮಲ್ಗತ್ತ್ ಟೀಚರ್ರೆ. ಈಗ ಕಾಂಬುದೆಲ್ಲ ನಿನ್ನೆ ಅಲೆ."

ದಿಕ್ಕನ್ನು ಅವರು ತಪ್ಪಾಗಿ ಹೇಳಲಿಲ್ಲ, ಸರಿಯಾಗಿಯೇ ಹೇಳಿದರು. ಅನಾಹುತವಾದದ್ದೇ ಅದರಿಂದ. ನಮ್ಮ ಊರಿನಲ್ಲಿ ಮೂಡುಗಾಳಿ ಗುಡ್ಡದ ಕಡೆಯಿಂದ, ನೆಲದ ಮೇಲಿನಿಂದ ಬರುತ್ತದೆ. ಅದು ಅಲೆಗಳ ಎದೆಗೆ ಒತ್ತಿ ಅವನ್ನು ಮಲಗಿಸುತ್ತದೆ. ಅಲ್ಲಿ ಅದೇ ಮೂಡುಗಾಳಿ ನೂರಾರು ಮೈಲಿ ಬರಿಯ ನೀರಿನ ಮೇಲೆ ಓಡಿ, ಅಲೆಗಳನ್ನು ಬೆನ್ನಿಗೆ ಹೊಡೆದು ಎಬ್ಬಿಸಿಕೊಂಡು ಬರುತ್ತಿತ್ತು. ಹೆಸರು ಒಂದೇ, ಕೆಲಸ ತಲೆಕೆಳಗು.

ಇದು ನನಗೆ ಗೊತ್ತಿತ್ತು. ಹೊರಡುವ ಮೊದಲು ಓದಿದ್ದೆ. ಆ ಕರಾವಳಿಗೆ ಡಿಸೆಂಬರ್ ಬಿರುಸಿನ ತಿಂಗಳು, ಮಳೆಗಾಲದ ಬಾಲ ಎಂದು ಓದಿ, ತಂಡದವರಿಗೆಲ್ಲ ಕೊಡೆ ತರಲು ಹೇಳಿದವಳೇ ನಾನು. ಆದರೂ ಶೀನಣ್ಣ ಹೇಳಿದಾಗ ನಾನೇನು ಮಾಡಿದೆ? ತಲೆಯಾಡಿಸಿದೆ. ತಲೆಯಾಡಿಸಿದ್ದಷ್ಟೇ ಅಲ್ಲ, ಎಷ್ಟು ಒಳ್ಳೆಯ ಮಾತು, ಅನುಭವದ ಮಾತು ಎಂದು ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದೆ. ಊರಿಗೆ ಹೋಗಿ ಎಲ್ಲಾದರೂ ಪ್ರಬಂಧ ಬರೆಯುವಾಗ ಬೇಕಾಗುತ್ತದೆಂಬ ಆಸೆ. ಕಾಲೇಜು ಓದಿದವರಿಗೆ ಇದೊಂದು ರೋಗ. ಕಡಲಿನವರು ಕಡಲಿನ ಬಗ್ಗೆ ಏನು ಹೇಳಿದರೂ ನಮಗೆ ಅದು ಪ್ರಶ್ನೆ ಕೇಳಬಾರದ ವೇದ. ನಮಗೆ ಗೊತ್ತಿದ್ದದ್ದನ್ನು ಅವರ ಎದುರಿಗೆ ಹೇಳಲು ಒಂದು ಬಗೆಯ ನಾಚಿಕೆ.

ಮೀನುಗಾರರ ಮನೆಯವರು ಹೊಸ ಕಡಲು ಕಂಡರೆ ದೂರದಿಂದ ನೋಡಿ ಬರುವುದಿಲ್ಲ. ಇಳಿದು, ಒಂದು ಬೊಗಸೆ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡು, ಕೈ ಮುಗಿಯಬೇಕು. ಹಾಗೆ ಮಾಡದೆ ಬೆನ್ನು ತಿರುಗಿಸಿದರೆ ಹಿರಿಯರಿಗೆ ಮುಖ ತಿರುಗಿಸಿದಂತೆ. ಶೀನಣ್ಣ ಬೂಟು ಕಳಚಿ ಗಿರಿಜಕ್ಕನ ಕೈಗೆ ಕೊಟ್ಟು, ಪ್ಯಾಂಟು ಮಡಚಿಕೊಂಡು ಇಳಿದರು. ಪಾದ ಮುಳುಗುವಷ್ಟು. ಆಮೇಲೆ ಮೊಣಕಾಲು. ಬಗ್ಗಿದರು. ನಾನು "ಮೂಡುಗಾಳಿ ಬಂದರೆ ಕಡಲು" ಎಂದು ಬರೆದು ತಲೆಯೆತ್ತಿದೆ.

ಶೀನಣ್ಣ ಇರಲಿಲ್ಲ.

ಅಲೆ ಬಡಿದು ಬಿದ್ದದ್ದಲ್ಲ ಎಂದು ಈಗ ಗೊತ್ತು. ಹಿಂದೆ ಸರಿದ ನೀರು ಅವರ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗಿತ್ತು. ನಾಲ್ಕು ಮಾರು ಆಚೆ ಬಿಳಿಯ ತಲೆ ಕಂಡಿತು, ಹೋಯಿತು, ಹತ್ತು ಮಾರು ಆಚೆ ಕಂಡಿತು. ಮಾರ್ಕೆಟ್ಟಿನಲ್ಲಿ ಮೂರು ಸಾಲು ಆಚೆಯ ಗಿರಾಕಿಯನ್ನು ಕೂಗಿ ಕರೆಯುವ ಗಿರಿಜಕ್ಕ ಎರಡು ಬೂಟುಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಕೂಗಿದ್ದು ನಾನು, ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ. ನನ್ನ ಪಕ್ಕದಲ್ಲಿ ಬ್ರಹ್ಮಾವರ ಕಡೆಯ ಟೋಪಿಯ ಮಹನೀಯರೊಬ್ಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅಲುಗಾಡದ ಹಾಗೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಚಿತ್ರ ತೆಗೆಯುತ್ತಿದ್ದರು. ಅಷ್ಟು ಸ್ಥಿರವಾದ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿಸಿಲ್ ಊದಿದವನು ಆಗಲೇ ನೀರಿನಲ್ಲಿದ್ದ. ಐವತ್ತರ ಆಸುಪಾಸಿನ, ಒಣಕಲು ಮೈಯ ಮನುಷ್ಯ. ಕೆಂಪು ತೇಲುಬುರುಡೆಯೊಂದನ್ನು ಹೆಗಲಿಗೆ ಕಟ್ಟಿಕೊಂಡು ಅಡ್ಡಡ್ಡ ಈಜಿ, ನೇರವಾಗಿ ದಡಕ್ಕೆ ಬರದೆ ಶೀನಣ್ಣನನ್ನು ಪಕ್ಕಕ್ಕೆ ಎಳೆದುಕೊಂಡು ಹೋದ. ದೂರದಲ್ಲೆಲ್ಲೋ ಇಬ್ಬರೂ ಮರಳಿಗೆ ಬಂದು ಬಿದ್ದರು. ನಾವು ಓಡಿದೆವು. ಶೀನಣ್ಣ ಕೆಮ್ಮಿ ನೀರು ಕಾರಿ ಎದ್ದು ಕೂತರು. ಜೀವ ಇತ್ತು.

ಆ ಮನುಷ್ಯ ಬೈದ, ನೋಡಿ. ಬಾವುಟದ ಕಡೆ ಕೈ ತೋರಿಸಿ, ವಿಸಿಲ್ ತೋರಿಸಿ, ಮ್ಯಾನೇಜರನ್ನು ತೋರಿಸಿ ಬೈದ. ಒಂದು ಶಬ್ದ ಅರ್ಥವಾಗದಿದ್ದರೂ ಪ್ರತಿಯೊಂದೂ ನನಗೆ ಹಿತವಾಗಿತ್ತು. ಶೀನಣ್ಣ ಕೈ ಮುಗಿದರು. ಮುಗಿದ ಕೈಯನ್ನು ಬಿಡಿಸಿ ಆತ ಅಂಗೈ ನೋಡಿದ. ಹಗ್ಗ ಜಾರಿ ಸುಟ್ಟ ಹಳೆಯ ಗೆರೆಗಳು. ಬೈಯುವುದು ನಿಂತಿತು. ತನ್ನ ಅಂಗೈಯನ್ನು ಪಕ್ಕದಲ್ಲಿಟ್ಟು ತೋರಿಸಿದ. ಅಲ್ಲೂ ಅವೇ ಗೆರೆಗಳು. ಆಮೇಲೆ ಒದ್ದೆ ಮರಳಿನಲ್ಲಿ ಬೆರಳಿನಿಂದ ದಡದ ಗೆರೆ ಎಳೆದ. ಕಡಲಿನ ಕಡೆಯಿಂದ ಬಾಯಿ ತುಂಬ ಗಾಳಿ ಊದಿ ಕೈಯಲ್ಲಿ ಅಲೆ ಏರಿಸಿ ತೋರಿಸಿದ. ಬೆಟ್ಟದ ಕಡೆಯಿಂದ ಊದಿ ಅಂಗೈಯನ್ನು ಚಪ್ಪಟೆ ಮಾಡಿದ. ಶೀನಣ್ಣ ಆ ಚಿತ್ರವನ್ನೇ ನೋಡುತ್ತಿದ್ದವರು ಮೆಲ್ಲಗೆ ಹಣೆ ಬಡಿದುಕೊಂಡರು. "ನೆಲದ್ ಗಾಳಿ ಅಲ್ದಲೇ ಇದ್" ಎಂದರು, ತಮಗೇ.

ವಿಮಾನ ಹತ್ತುವ ಮೊದಲು ಶೀನಣ್ಣ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿಕೊಂಡರು. "ಊರಂಗ್ ಯಾರಿಗೂ ಹೇಳುಕಾಗ ಟೀಚರ್ರೆ." ನಾನು ಮಾತು ಕೊಟ್ಟೆ. ಅಷ್ಟರಲ್ಲಿ ಊರಿಗೆ ಗೊತ್ತಾಗಿತ್ತು. ಟೋಪಿಯವರ ವಿಡಿಯೊ ನಾವು ಬಟ್ಟೆ ಒಣಗಿಸುತ್ತಿದ್ದಾಗಲೇ ಬೈಂದೂರು ತಲುಪಿತ್ತು. ಅದರಲ್ಲಿ ಗಾಳಿ ಕಾಣುವುದಿಲ್ಲ, ನನ್ನ ತಲೆಯಾಡಿಸುವಿಕೆ ಕಾಣುವುದಿಲ್ಲ, ಬಾವುಟವೂ ಇಲ್ಲ. ಮೊಣಕಾಲು ನೀರಿನಲ್ಲಿ ಬಗ್ಗಿದ ಮುದುಕರೊಬ್ಬರು ಬಿದ್ದು ತೇಲಿ ಹೋಗುತ್ತಾರೆ, ಅಷ್ಟೇ. ಅಷ್ಟಕ್ಕೆ ಜನರಿಗೆ ತೃಪ್ತಿಯಾಗಲಿಲ್ಲ. ಕುಡಿದಿದ್ದರು ಎಂದು ಸೇರಿಸಿಕೊಂಡರು. ಒಬ್ಬ ಮನುಷ್ಯನ ನಲವತ್ತೈದು ವರ್ಷವನ್ನು ಅಳಿಸಲು ಇಪ್ಪತ್ತು ಸೆಕೆಂಡಿನ ವಿಡಿಯೊ ಸಾಕಾಯಿತು.

ತಿಂಗಳಾದ ಮೇಲೆ ಗಿರಿಜಕ್ಕ ಮಾರ್ಕೆಟ್ಟಿನಲ್ಲಿ ಹೇಳಿದರು, "ದಕ್ಕೆ ಬದಿಗೇ ಹೋತಿಲ್ಲೆ ಇವ್ರ್. ಅಲ್ಲಿ ಎಲ್ಲ ಮೊಣಕಾಲ್ ತಾಂಡೇಲ ಅಂತ್ರಂಬ್ರ್. ಮನಿಯಂಗ್ ಕೂಕಂಡ್ ಗ್ವಾಡಿ ಕಾಂತ್ರ್." ಮೀನು ಹೆಚ್ಚುತ್ತಿದ್ದ ಅವರ ಕೈ ನಿಲ್ಲಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನಾನು ಮನೆಗೆ ಬಂದು ಆ ಮೀನನ್ನು ಸಾರು ಮಾಡಲಾರದೆ ನೆರೆಮನೆಗೆ ಕೊಟ್ಟೆ.

ಕೊಟ್ಟ ಮಾತು ಮುರಿಯಲು ಒಂದು ಭಾನುವಾರ ಹೊರಟೆ. ಕುಂದಾಪುರದಲ್ಲಿ ನಿಂತರೆ ಹೊಳೆಯಾಚೆ ಗಂಗೊಳ್ಳಿ ಕೈಗೆಟಕುವಂತೆ ಕಾಣುತ್ತದೆ. ಆದರೆ ಬಸ್ಸು ತಲ್ಲೂರು ದಾಟಿ, ಹೆಮ್ಮಾಡಿ ದಾಟಿ, ಊರೆಲ್ಲ ಸುತ್ತಿ ಹೋಗುತ್ತದೆ. ಅಷ್ಟು ದೂರವೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ದಕ್ಕೆಯಲ್ಲಿ ಹತ್ತು ಹನ್ನೆರಡು ಜನ ಬಲೆ ರಿಪೇರಿ ಮಾಡುತ್ತಿದ್ದರು. ಆ ಅಡ್ಡಹೆಸರನ್ನು ಹುಟ್ಟಿಸಿದವನು ರಾಘು ಎಂಬ ದೋಣಿಯ ಮಾಲೀಕನೆಂದು ಗಿರಿಜಕ್ಕ ಹೇಳಿದ್ದರು. ಅವನ ಎದುರಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಕಪ್ಪು ಚಹಾದಿಂದ ಹಿಡಿದು ಮರಳಿನ ಚಿತ್ರದವರೆಗೆ. ತರಗತಿಯಲ್ಲಿ ಬಳಸುವ ದನಿಯಲ್ಲೇ ಹೇಳಿದೆ. ಬಲೆಯ ಸೂಜಿಗಳು ನಿಂತವು. ನನಗೆ ಗೊತ್ತಿದ್ದೂ ತಲೆಯಾಡಿಸಿದೆ ಎಂಬಲ್ಲಿ ರಾಘು ತಡೆದ.

"ಅಲ್ಲ ಟೀಚರ್ರೆ, ನೀವ್ ಓದ್ದವ್ರಲ್ದಾ. ಎಂತಕ್ ತಲೆ ಆಡ್ಸುಕ್ ಹೋದ್ದ್?"

"ಬರ್ಕಂತಾ ಇದ್ದಿದ್ದೆ" ಎಂದೆ.

ಯಾರೋ ಕಿಸಕ್ಕನೆ ನಕ್ಕರು. ಟೋಪಿಯವರ ಮೇಲೆ ಒಂದು ತಿಂಗಳಿನಿಂದ ಕಾಯಿಸಿಟ್ಟುಕೊಂಡಿದ್ದ ನನ್ನ ಸಿಟ್ಟು ಆ ನಗೆಗೆ ಸ್ವಲ್ಪ ತಣ್ಣಗಾಯಿತು. ಅವರು ಚಿತ್ರ ತೆಗೆಯುತ್ತಿದ್ದರು, ನಾನು ಬರೆಯುತ್ತಿದ್ದೆ. ಇಬ್ಬರ ಕೈಯೂ ಖಾಲಿ ಇರಲಿಲ್ಲ.

ಅಲ್ಲಿಂದ ಶೀನಣ್ಣನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ದಕ್ಕೆಯಲ್ಲಿ ಎಲ್ಲ ಹೇಳಿ ಬಂದೆ ಎಂದೆ. ಅವರ ಮುಖ ಕೆಂಪಾಯಿತು. "ಹೇಳುಕಾಗ ಅಂದಿದ್ನಲೆ ನಾ. ಎಂತ ಹೇಳಿದ್ರಿ?" ಹೇಳಿದ್ದನ್ನು ಮತ್ತೊಮ್ಮೆ ಹೇಳಿದೆ. ಅಲೆ ಬಂದು ಎಳೆದುಕೊಂಡು ಹೋಯಿತು ಎಂಬಲ್ಲಿ ಅವರು ಎದ್ದು ನಿಂತರು.

"ಅಲೆ ಎಳೆತ್ತಾ? ಅಲೆ ಎಳೂದಲ್ಲ ಅಂದ್ ಸಣ್ಣ ಮಕ್ಳಿಗೂ ಗೊತ್ತಿತ್ತ್. ಅದ್ ಅಡ್ಡಹೊಳೆ ನೀರ್, ದಡಕ್ ಬಂದ್ ವಾಪಸ್ ಕಡಲಿಗ್ ಹೋಪು ನೀರ್. ಇದನ್ನ್ ಅವ್ರಿಗ್ ಹೀಂಗೇ ಹೇಳಿದ್ರಿಯಾ? ನನ್ನ ಮರ್ಯಾದಿ ಹೋಯ್ತ್."

ಕುಡಿದು ಬಿದ್ದರು ಎಂದಾಗ ಗೋಡೆ ನೋಡುತ್ತಾ ಕೂತಿದ್ದವರು, ಅಲೆ ಎಳೆಯಿತು ಎಂದಾಗ ಅಂಗಿ ಹಾಕಿಕೊಂಡರು. ಸುಳ್ಳನ್ನು ಸಹಿಸಿಕೊಂಡಿದ್ದರು, ಅರೆಬರೆ ಸತ್ಯವನ್ನು ಅವರಿಂದ ಸಹಿಸಲಾಗಲಿಲ್ಲ. ಗಿರಿಜಕ್ಕ ಒಳಗಿನಿಂದ ನನಗೆ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದರು. ಶೀನಣ್ಣ ಮುಂದೆ, ನಾವಿಬ್ಬರೂ ಹಿಂದೆ, ದಕ್ಕೆಗೆ ನಡೆದೆವು.

ದಕ್ಕೆಯ ಒದ್ದೆ ಸಿಮೆಂಟಿನ ಮೇಲೆ ಅವರು ಬೆರಳಿನಿಂದ ದಡದ ಗೆರೆ ಎಳೆದರು. ದೂರದ ದೇಶದಲ್ಲಿ ಕಂಡ ಅದೇ ಗೆರೆ. "ಟೀಚರ್ ಹೇಳದ್ದ್ ಅರ್ಧ ತಪ್ಪ್" ಎಂದು ಶುರುಮಾಡಿ, ನೀರು ಎಲ್ಲಿ ಹಿಂದೆ ಸರಿಯಿತು, ಮರಳು ಹೇಗೆ ಜಾರಿತು, ಆ ಮನುಷ್ಯ ದಡಕ್ಕೆ ನೇರ ಬಾರದೆ ಯಾಕೆ ಅಡ್ಡ ಈಜಿದ, ಎಲ್ಲವನ್ನೂ ವಿವರಿಸಿದರು. ತಮ್ಮ ತಪ್ಪನ್ನೂ ಅದೇ ದನಿಯಲ್ಲಿ, ಬೇರೆ ಯಾರದೋ ದೋಣಿಯ ಕತೆಯಂತೆ ಹೇಳಿದರು. ಜನ ಬಗ್ಗಿ ನೋಡಿದರು. ಇಬ್ಬರು ಪ್ರಶ್ನೆ ಕೇಳಿದರು. ರಾಘು ಬಲೆಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಶೀನಣ್ಣನ ಮುಖ ನೋಡದೆ ಕೇಳಿದ.

"ಹ್ವಾಯ್ ಶೀನಣ್ಣ. ನಾಳೆ ಬೆಳಿಗ್ಗೆ ಮೂಡ್ ಗಾಳಿ ಅಂಬ್ರ್. ಹೋಪುದಾ?"

"ನೀ ಯಾವ್ ಊರಂಗ್ ನಿಂತ್ಕಂಡ್ ಕೇಳ್ತಿದ್ದೆ, ಅದ್ ಹೇಳ್ ಮೊದ್ಲ್."

"ಗಂಗೊಳ್ಳಿಯಂಗ್ ಮರ್ರೆ."

"ಹಂಗಾರ್ ಹೋಗ್."

ಎಲ್ಲರೂ ನಕ್ಕರು. ಶೀನಣ್ಣ ನಗಲಿಲ್ಲ, ಬಲೆಯ ರಾಶಿಯ ಮೇಲೆ, ಒಂದು ತಿಂಗಳಿನಿಂದ ಖಾಲಿಯಿದ್ದ ತಮ್ಮ ಜಾಗದಲ್ಲಿ ಹೋಗಿ ಕೂತರು. ಗಿರಿಜಕ್ಕ ನನ್ನ ಕೈಯನ್ನು ಒಮ್ಮೆ ಹಿಂಡಿ ಬಿಟ್ಟರು. ಕೈಗೆ ಮೀನಿನ ವಾಸನೆ ಮನೆಯವರೆಗೂ ಇತ್ತು.

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ನಲವತ್ತು ನಿಮಿಷದ ಮ್ಯಾನೇಜರ್ ಮೇಲೆ, ಅಲುಗಾಡದ ಕೈಗಳ ಮೇಲೆ, ವರ್ಷವಿಡೀ ಹಾರುವ ಬಣ್ಣಗೆಟ್ಟ ಬಾವುಟದ ಮೇಲೆ ಅದು ಇನ್ನೂ ಇದೆ. ಈಗ ಯಾರಾದರೂ "ಟೂರ್ ಹ್ಯಾಂಗಾಯ್ತ್?" ಎಂದರೆ ಬದನೆಕಾಯಿಯನ್ನು ತಕ್ಕಡಿಗೇ ಹಾಕಿ, "ಟೈಮ್ ಇತ್ತಾ? ಹಂಗಾರ್ ಕೂಕಣಿ" ಎಂದು ಮೊದಲಿನಿಂದ ಶುರು ಮಾಡುತ್ತೇನೆ. ಮೂರನೆಯ ಪ್ರಶ್ನೆಯನ್ನು ಈಗ ಯಾರೂ ಕೇಳುವುದಿಲ್ಲ. ಮೊದಲನೆಯದನ್ನು ಕೇಳುವವರೂ ಕಡಿಮೆಯಾಗಿದ್ದಾರೆ.

ಟಿಪ್ಪಣಿ ಪುಸ್ತಕವನ್ನು ನಿನ್ನೆ ತೆರೆದೆ. "ಮೂಡುಗಾಳಿ ಬಂದರೆ ಕಡಲು" ಎಂಬಲ್ಲಿ ಸಾಲು ನಿಂತಿತ್ತು, ಪೆನ್ನು ಜಾರಿದ ಗೆರೆಯೊಂದು ಅಂಚಿನವರೆಗೆ ಹೋಗಿತ್ತು. ಸಾಲನ್ನು ಪೂರ್ತಿ ಮಾಡಿದೆ: ಮಲಗುತ್ತದೆ. ಆಮೇಲೆ ಅದರ ಮೊದಲಿಗೆ, ಇದ್ದ ಸಣ್ಣ ಜಾಗದಲ್ಲೇ ಹಿಡಿಸಿ, "ಗಂಗೊಳ್ಳಿಯಲ್ಲಿ" ಎಂದು ಸೇರಿಸಿದೆ. ಆ ಒಂದು ಶಬ್ದ ಬರೆಯುವುದನ್ನು ಕಲಿಯಲು ಇತಿಹಾಸದ ಟೀಚರೊಬ್ಬಳು ವಿಯೆಟ್ನಾಮಿನವರೆಗೆ ಹೋಗಿ ಬರಬೇಕಾಯಿತು.